ಹಾಲೆಂಡಿನ ಕಂಪನಿಗೆ ಹೆಣ್ಮಕ್ಕಳ ಸಹಿ

ಕೋರ್ಟಿಗೆ ಇರುವ ಹಾಗೆ ಹೊಟ್ಟೆಕಿಚ್ಚಿಗೂ ಒಂದು ಸರಹದ್ದು ಇರುತ್ತದೆ. ಯಾರೋ ಒಬ್ಬ ಶ್ರೀಮಂತ ತನ್ನ ಸ್ವಂತಕ್ಕೆ ವಿಮಾನ ಕೊಂಡನೆಂದು ಪೇಪರಿನಲ್ಲಿ ಓದಿದಾಗ ನನಗೆ ಏನೂ ಆಗಲಿಲ್ಲ. ಕಾಫಿ ಕುಡಿದು, ಪೇಪರು ಮಡಿಸಿಟ್ಟು, ಸ್ನಾನಕ್ಕೆ ಹೋದೆ. ಆದರೆ ನಮ್ಮ ಬೀದಿಯ ಕೊನೆ ಮನೆಯ ಮೇಷ್ಟರು ಹೊಸ ಸ್ಕೂಟರು ತಂದು ಅದಕ್ಕೆ ನಿಂಬೆಹಣ್ಣು ಕಟ್ಟಿದ ದಿನ ನನಗೆ ಗಂಟಲಲ್ಲಿ ಮುದ್ದೆ ಇಳಿಯಲಿಲ್ಲ. ಡಾಕ್ಟರ ಹತ್ತಿರ ತೋರಿಸಿದ್ದೂ ಆಯಿತು. ಬಿ.ಪಿ. ಇಲ್ಲ, ಶುಗರ್ ಇಲ್ಲ, 'ನಿಮ್ಮ ವಯಸ್ಸಿನಲ್ಲಿ ಇಷ್ಟು ಚೆನ್ನಾಗಿರೋರು ಅಪರೂಪ ಸಾರ್' ಎಂದು ಬೆನ್ನು ತಟ್ಟಿ ಕಳಿಸಿದರು. ಆ ಡಾಕ್ಟರೇ ನನಗಿಂತ ಹತ್ತು ವರ್ಷ ಚಿಕ್ಕವರು, ತಲೆ ತುಂಬ ಕೂದಲು. ಮನೆಗೆ ಬರುವ ದಾರಿಯುದ್ದಕ್ಕೂ ಆ ಕೂದಲೇ ಕಣ್ಣ ಮುಂದೆ ಬರುತ್ತಿತ್ತು.

ನಾನು ಕೆ.ಆರ್. ಪೇಟೆಯಲ್ಲಿ ವಕೀಲ. ಪಾಲು ವಿಭಾಗ, ಬದುವಿನ ತಕರಾರು, ಗದ್ದೆಗೆ ಗಾಡಿ ಹೋಗುವ ದಾರಿ, ಅಣ್ಣನ ತೆಂಗಿನ ಮರದ ಗರಿ ತಮ್ಮನ ಹೆಂಚಿನ ಮೇಲೆ ಬಿದ್ದದ್ದು, ಇವೇ ನನ್ನ ಅನ್ನ. ತಾತ ಹಾಕಿದ ಕೇಸಿಗೆ ಮೊಮ್ಮಗ ಸಾಕ್ಷಿ ಹೇಳುವುದನ್ನು ನೋಡಿದ್ದೇನೆ. ನನ್ನ ಕೇಸುಗಳು ಮಾಡುವ ಅತಿ ದೂರದ ಪ್ರಯಾಣವೆಂದರೆ ಶ್ರೀರಂಗಪಟ್ಟಣದ ಮೇಲಿನ ಕೋರ್ಟಿಗೆ ಅಪೀಲು. ಆ ದಿನ ನಾನು ಹೊಸ ಕೋಟು ಹಾಕಿಕೊಂಡು ಹೋಗುತ್ತೇನೆ, ಬರುವಾಗ ಹೊಳೆ ಸೇತುವೆಯ ಹತ್ತಿರ ಕಡಲೆಕಾಯಿ ತರುತ್ತೇನೆ. ಅಷ್ಟರಲ್ಲೇ ನಾನು ಸುಖವಾಗಿದ್ದೆ. ಸುಖವಾಗಿದ್ದೆ ಎಂಬುದು ರಶ್ಮಿ ಬೋರ್ಡು ಹಾಕಿದ ಮೇಲೆ ಗೊತ್ತಾಯಿತು.

ರಶ್ಮಿ ನನ್ನ ಜೂನಿಯರ್ ಆಗಿದ್ದವಳು. ನಾಗಮಂಗಲದ ಕಡೆಯ ಹುಡುಗಿ, ಒಕ್ಕಲು ಮನೆತನ. ನಾಲ್ಕು ವರ್ಷ ನನ್ನ ಆಫೀಸಿನಲ್ಲಿ ವಾಯಿದೆ ಕೇಳಿದಳು, ಅರ್ಜಿ ಬರೆದಳು, ನನ್ನ ಬೈಗುಳ ತಿಂದಳು. ಆಮೇಲೆ ಮೈಸೂರಿಗೆ ಹೋಗಿ ಇನ್ನೇನನ್ನೋ ಓದಿಕೊಂಡು ಬಂದು, ಸಂತೆಬೀದಿಯ ಬಿತ್ತನೆಬೀಜದ ಅಂಗಡಿಯ ಮೇಲೆ ಒಂದು ರೂಮು ಹಿಡಿದು ಬೋರ್ಡು ಹಾಕಿದಳು: 'ವಿದೇಶಿ ವ್ಯವಹಾರ, ಕಂಪನಿ ಸ್ಥಾಪನೆ, ಒಪ್ಪಂದ ಪತ್ರಗಳು.' ಅದನ್ನು ಓದಿ ನಮ್ಮ ವಕೀಲರ ಸಂಘದಲ್ಲಿ ನಕ್ಕ ನಗೆಗೆ ಗೋಡೆ ಮೇಲಿನ ಹಲ್ಲಿ ಬಿದ್ದುಹೋಯಿತು. 'ಹೇಮಗಿರಿ ದನದ ಜಾತ್ರೆಗೆ ಅಮೆರಿಕದವರು ಹೋರಿ ಕೊಳ್ಳೋಕೆ ಬರ್ತಾರೇನಮ್ಮಾ?' ಎಂದು ನಾನೇ ಕೇಳಿದೆ. ಅವಳೂ ನಕ್ಕಳು. 'ನೋಡಣ ಸಾರ್, ಬಂದ್ರೆ ನಿಮ್ಮುನ್ನೇ ಕರೀತೀನಿ' ಎಂದಳು. ಹಾಗೆ ನಗುವವರನ್ನು ಕಂಡರೆ ನನಗೆ ಭಯ. ಸಿಟ್ಟು ಮಾಡಿಕೊಂಡಿದ್ದರೆ ನೆಮ್ಮದಿಯಾಗಿರುತ್ತಿತ್ತು.

ಬಂದರು ಕಣ್ರೀ. ಮೊದಲು ತೆಂಗಿನ ನಾರಿನವರೊಬ್ಬರು, ಆಮೇಲೆ ಪಾಂಡವಪುರದಿಂದ ಅರಿಶಿನದ ವ್ಯಾಪಾರಿ, ಆಮೇಲೆ ಒಂದು ದಿನ ಬಿಳಿ ಕಾರಿನಲ್ಲಿ ಕೆಂಪು ಮೂತಿಯ ವಿದೇಶಿಯವನೇ ಬಂದು ಬೀಜದಂಗಡಿಯ ಮುಂದೆ ಇಳಿದ. ಊರಿಗೆ ಊರೇ ನಿಂತು ನೋಡಿತು. ನಾನು ನೋಡಲಿಲ್ಲ. ಎದುರು ಹೋಟೆಲಿನ ಕಿಟಕಿಯಿಂದ ಸ್ವಲ್ಪ ಕಂಡಿತು, ಅಷ್ಟೆ. ಅವನು ಮೆಟ್ಟಿಲು ಹತ್ತುವಾಗ ಬಾಗಿಲಿನ ಚೌಕಟ್ಟಿಗೆ ತಲೆ ಹೊಡೆಸಿಕೊಂಡ. ನನಗೆ ಆ ದಿನ ಸಿಕ್ಕ ಸಂತೋಷ ಅದೊಂದೇ. ಮನೆಗೆ ಬಂದರೆ ಹೆಂಡತಿ ಸರೋಜ ಊಟ ಬಡಿಸುತ್ತಾ, 'ಆ ನಿಮ್ಮ ರಶ್ಮಿ ನೋಡ್ರೀ, ಎಷ್ಟು ಚೆನ್ನಾಗಿ ಇಂಗ್ಲಿಷಲ್ಲಿ ಮಾತಾಡ್ತಿದ್ಲಂತೆ' ಎಂದಳು. 'ನಮ್ಮ ರಶ್ಮಿ' ಎಂದರೆ ಸಹಿಸುತ್ತಿದ್ದೆ. 'ನಿಮ್ಮ ರಶ್ಮಿ' ಎಂದದ್ದು ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಸುಳ್ಳು ಹೇಳಿ ಎದ್ದೆ.

ಅವಳ ಕೆಲಸವಾದರೂ ಏನೆಂದು ತಿಳಿಯಬೇಡವೇ? ಶತ್ರುವಿನ ಬಲಾಬಲ ತಿಳಿಯಬೇಕು ಎಂಬ ನೆವ ಹೇಳಿಕೊಂಡು ಒಂದು ಸಂಜೆ ಅವಳ ಆಫೀಸಿನ ಕುರ್ಚಿಯಲ್ಲಿ ಕೂತು ಕೇಳಿದೆ. ಅವಳು ನಿಧಾನವಾಗಿ ವಿವರಿಸಿದಳು. ಇಲ್ಲಿಯವರೊಬ್ಬರು, ಅಲ್ಲಿಯವರೊಬ್ಬರು ಸೇರಿ ಕಂಪನಿ ಮಾಡಬೇಕು. ಯಾರದ್ದು ಎಷ್ಟು ಪಾಲು, ಸರಕು ಹಡಗಿನಲ್ಲಿ ಕೆಟ್ಟರೆ ನಷ್ಟ ಯಾರಿಗೆ, ದುಡ್ಡು ಬಂದದ್ದನ್ನು ರಿಸರ್ವ್ ಬ್ಯಾಂಕಿಗೆ ಹೇಗೆ ತಿಳಿಸಬೇಕು, ಮುಂದೆ ಮನಸ್ತಾಪ ಬಂದರೆ ಯಾವ ದೇಶದಲ್ಲಿ ಪಂಚಾಯ್ತಿ, ಇದೆಲ್ಲ ಮೊದಲೇ ಬರೆದಿಡಬೇಕು. 'ಪಂಚಾಯ್ತಿ ಎಲ್ಲಿ ಇಟ್ಕೊಂಡಿದ್ದೀಯಾ?' ಎಂದೆ. 'ಸಿಂಗಾಪುರ ಸಾರ್' ಎಂದಳು. ನನಗೆ ಶ್ರೀರಂಗಪಟ್ಟಣದ ಕಡಲೆಕಾಯಿ ನೆನಪಾಗಿ ಬಾಯಿ ಒಣಗಿತು. ಇನ್ನೂ ಒಂದು ಅನ್ಯಾಯ ನೋಡಿ. ಅವಳು ಜಗಳ ಆಗುವ ಮೊದಲೇ ಅದನ್ನು ಕಾಗದಕ್ಕೆ ಇಳಿಸಿ ಆಗದ ಹಾಗೆ ಮಾಡಿಬಿಡುತ್ತಾಳೆ. ಎಲ್ಲರೂ ಹೀಗೆ ಶುರುಮಾಡಿದರೆ ತಲೆ ಒಡೆದುಕೊಂಡು ಬರುವವರನ್ನೇ ನಂಬಿಕೊಂಡ ನಮ್ಮಂಥ ಸಂಸಾರಸ್ಥರ ಗತಿ ಏನು?

ಇಷ್ಟೂ ನುಂಗಿಕೊಳ್ಳುತ್ತಿದ್ದೆ. ನುಂಗಲಾರದ್ದು ತಮ್ಮಣ್ಣನ ವಿಷಯ. ಶೀಳನೆರೆ ಹೋಬಳಿಯ ತಮ್ಮಣ್ಣ ನನ್ನ ಮೊದಲ ಕಕ್ಷಿದಾರ. ನಾನು ಕರಿಕೋಟು ಹಾಕಿದ ವರ್ಷ ದಾಯಾದಿಯ ಜೊತೆ ಬದುವಿಗಾಗಿ ಬಂದವನು, ಬದು ತೀರಿದ ಮೇಲೂ ಬರುವುದು ಬಿಡಲಿಲ್ಲ. ಮಗಳ ಜಾತಕದಿಂದ ಹಸುವಿನ ವಿಮೆಯವರೆಗೆ ನನ್ನನ್ನು ಕೇಳದೆ ಒಂದು ಹೆಜ್ಜೆ ಇಡುವವನಲ್ಲ. ಅವನದೊಂದು ಆಲೆಮನೆ ಇದೆ. ಕೆಮಿಕಲ್ ಹಾಕದ ಬೆಲ್ಲ ಮಾಡಿ, ಪುಡಿ ಮಾಡಿ, ಚೆಂದದ ಪೊಟ್ಟಣ ಕಟ್ಟಿ ಮೈಸೂರಿಗೆ ಕಳಿಸುತ್ತಿದ್ದ. ಊರಿನ ಇತರ ವಕೀಲರು 'ನಿಮ್ಮ ತಮ್ಮಣ್ಣ' ಎನ್ನುತ್ತಿದ್ದರು, ನಮ್ಮ ಮನೆಯ ಹಸುವನ್ನು ಹೇಳುವ ಹಾಗೆ. ಅಂಥ ತಮ್ಮಣ್ಣ ಬೀಜದಂಗಡಿಯ ಮೆಟ್ಟಿಲು ಹತ್ತುತ್ತಿದ್ದಾನೆ, ಆ ಕೆಂಪು ಮೂತಿಯವನು ಬಂದದ್ದೇ ಅವನ ಬೆಲ್ಲಕ್ಕಂತೆ ಎಂದು ಹೋಟೆಲಿನಲ್ಲಿ ಯಾರೋ ಹೇಳಿದರು. ಕಾಫಿ ನೆತ್ತಿಗೆ ಹತ್ತಿತು. ಹೆಂಡತಿ ತವರಿಗೆ ಹೋದ ಸುದ್ದಿಯನ್ನು ಪಕ್ಕದ ಮನೆಯವರಿಂದ ಕೇಳಿದರೂ ನನಗೆ ಇಷ್ಟು ಅವಮಾನವಾಗುತ್ತಿರಲಿಲ್ಲ.

ಮಂಗಳವಾರ ಕೋರ್ಟಿನ ಮುಂದೆ ಅವನನ್ನು ಹಿಡಿದೆ.

'ಏನ್ ತಮ್ಮಣ್ಣ, ಇತ್ತೀಚ್ಗೆ ಮೆಟ್ಲು ಅತ್ತೋದು ಜಾಸ್ತಿ ಆಗದಂತೆ. ಮಂಡಿನೋವು ವಾಸಿ ಆಯ್ತಾ?'

ಅವನು ಟವೆಲಿನಲ್ಲಿ ಮುಖ ಒರೆಸಿಕೊಂಡ. 'ಅಯ್, ಅಂಗಲ್ಲ ಸಾ. ಯಾರೋ ಆಲೆಂಡಿನೋನು ಪೀಟರ್ ಅಂತ, ನಮ್ ಬೆಲ್ಲದ್ ಪುಡಿ ತಿಂದ್ಬುಟ್ಟು ಜೊತೆಗ್ ಸೇರ್ಕಂಡು ಕಂಪ್ನಿ ಮಾಡನ ಅಂತಾವ್ನೆ. ಅದೆಲ್ಲ ಇಂಗ್ಲೀಸ್ನಲ್ ಬರ್ಯೋ ಕೆಲ್ಸ. ನಿಮ್ಗ್ಯಾಕೆ ತೊಂದ್ರೆ ಕೊಡದು ಅಂತ ಸುಮ್ಕಾದೆ.'

ತೊಂದರೆ! ಹಸು ಈದದ್ದನ್ನು ಬೆಳಗಿನ ಜಾವ ಫೋನ್ ಮಾಡಿ ತಿಳಿಸುವ ಮನುಷ್ಯನಿಗೆ ಈಗ ನನ್ನ ತೊಂದರೆ ನೆನಪಾಗಿದೆ. ಆ ಗಳಿಗೆಯಲ್ಲಿ ನನ್ನ ಬಾಯಿಗೆ ಬಂದ ಮಾತನ್ನು ನಾನು ಯೋಚಿಸಿ ಆಡಿದ್ದಲ್ಲ. ಮೂವತ್ತು ವರ್ಷದ ಅಭ್ಯಾಸ ಅದು, ತಾನಾಗಿಯೇ ಬಂತು. ಕನ್ನಡಕ ತೆಗೆದು, ಒರೆಸಿ, ಮೆಲ್ಲಗೆ ಕೇಳಿದೆ: 'ಅದ್ಸರಿ. ಹೆಣ್ಮಕ್ಳ ಸಹಿ ಆಗದಾ?'

ನಮ್ಮ ಸೀಮೆಯಲ್ಲಿ ಈ ಮಾತಿಗಿರುವ ಬಲ ಹೊರಗಿನವರಿಗೆ ತಿಳಿಯದು. ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕಾನೂನಾದ ಮೇಲೆ, ಅಕ್ಕತಂಗಿಯರ ಸಹಿ ಇಲ್ಲದ ಕಾಗದವನ್ನು ಕೆ.ಆರ್. ಪೇಟೆಯ ನಾಯಿಯೂ ಮೂಸುವುದಿಲ್ಲ. ಜಮೀನು ಮಾರಲಿ, ಸಾಲ ತೆಗೆಯಲಿ, ಬೋರು ಕೊರೆಸಲಿ, ಮೊದಲ ಪ್ರಶ್ನೆ ಇದೇ. ಎಂಥ ಗಟ್ಟಿ ಗೌಡನಾದರೂ ಇದನ್ನು ಕೇಳಿದರೆ ಕುಸಿದು ಕೂರುತ್ತಾನೆ. ಸಹಿ ಪಡೆಯುವುದಕ್ಕೆ ಒಂದು ಪದ್ಧತಿಯೂ ಇದೆ. ಟೆಂಪೋ ಮಾಡಿ ಎಲ್ಲರನ್ನೂ ಕರೆಸಬೇಕು, ಒಂದೊಂದು ಸೀರೆ ಕೊಡಬೇಕು, ಭಾವಂದಿರಿಗೆ ಬಾಡೂಟ ಹಾಕಿಸಬೇಕು. ಊಟವಾಗಿ ಎಲೆಅಡಿಕೆ ಬಾಯಲ್ಲಿರುವಾಗ ಕಾಗದ ಮುಂದಿಡಬೇಕು. ಅವರು ಎಲ್ಲಿ ಹಾಕಬೇಕು ಎಂದು ಕೇಳುತ್ತಾರೆ, ಯಾಕೆ ಹಾಕಬೇಕು ಎಂದು ಕೇಳುವುದಿಲ್ಲ. ಎಷ್ಟೋ ಸಲ ಬೆರಳು ತೋರಿಸಿ 'ಇಲ್ಲಿ ಹಾಕಮ್ಮಾ' ಎಂದವನು ನಾನೇ.

ಕಂಪನಿಗೆ ಈ ಸಹಿ ಬೇಕೋ ಬೇಡವೋ ನನಗೆ ಗೊತ್ತಿರಲಿಲ್ಲ. ಬೇಡ ಎಂದೇ ನನ್ನ ಅಂದಾಜು. ನನಗೆ ಬೇಕಾಗಿದ್ದದ್ದು ತಮ್ಮಣ್ಣನಿಗೆ ಹೆದರಿಕೆ ಹುಟ್ಟಿ, ರಶ್ಮಿಯ ಇಂಗ್ಲಿಷಿನ ಮೇಲೆ ನಂಬಿಕೆ ಹೋಗಿ, ಅವನು ಮತ್ತೆ ನನ್ನ ಬೆಂಚಿನ ಮೇಲೆ ಬಂದು ಕೂರುವುದು, ಅಷ್ಟೆ. 'ಆ ಮಗಾ ಇದ ಕೇಳ್ಲೇ ಇಲ್ವಲ್ಲ ಸಾ' ಎಂದು ತಮ್ಮಣ್ಣ ಬಿಳಿಚಿಕೊಂಡ. 'ಚಿಕ್ಕ ಹುಡುಗಿ, ಅನುಭವ ಕಮ್ಮಿ' ಎಂದು ಅವಳ ಪರವಾಗಿ ಮಾತಾಡುವ ಹಾಗೆ ಮಾತಾಡಿ ಬಂದೆ. ಆ ದಿನ ಎರಡು ಮುದ್ದೆ ಇಳಿಯಿತು.

ಅವನು ನನ್ನ ಬೆಂಚಿಗೆ ಬರಲಿಲ್ಲ. ಬದಲಿಗೆ ಸೀದಾ ಟೆಂಪೋ ಮಾಡಿದ.

ಪೀಟರ್ ಜೊತೆ ವಿಡಿಯೋದಲ್ಲಿ ಕೊನೆಯ ಮಾತುಕತೆ ಎಂದು ಗೊತ್ತಾಗಿದ್ದ ದಿನ ಹೋಟೆಲಿನ ಕಿಟಕಿಯಲ್ಲಿ ನಾನು ಕೂತಿದ್ದೆ. ಬೀಜದಂಗಡಿಯ ಮುಂದೆ ಟೆಂಪೋ ನಿಂತು, ತಮ್ಮಣ್ಣನ ನಾಲ್ವರು ಅಕ್ಕತಂಗಿಯರು ಹೊಸ ಸೀರೆ ಸರಸರ ಎನ್ನಿಸಿಕೊಂಡು ಇಳಿದರು. ಹೇಮಗಿರಿ ಕಡೆ ಒಬ್ಬಳು, ನಾಗಮಂಗಲ, ಪಾಂಡವಪುರ ಒಬ್ಬೊಬ್ಬಳು, ಎಲ್ಲರಿಗಿಂತ ಹಿರಿಯಳಾದ ಜಯಮ್ಮ ಪಾಲಹಳ್ಳಿಯವಳು. ಹಿಂದೆ ಭಾವಂದಿರು, ಮೀಸೆ ತಿರುವಿಕೊಂಡು. ಇನ್ನು ನನ್ನ ಕೈಲಿ ಕೂರಲು ಆಗಲಿಲ್ಲ. ಹೋಗಲು ಒಂದು ನೆವ ಬೇಕಲ್ಲ, ಆಫೀಸಿಗೆ ಓಡಿ ಕೈಗೆ ಸಿಕ್ಕ ಪುಸ್ತಕ ಎತ್ತಿಕೊಂಡು ಮೆಟ್ಟಿಲು ಹತ್ತಿದೆ. 'ನಿನ್ನ ಪುಸ್ತಕ ನನ್ನ ಹತ್ರ ಉಳ್ಕೊಂಡಿತ್ತಮ್ಮಾ' ಎಂದೆ. ರಶ್ಮಿ ತೆರೆದು ನೋಡಿ, 'ಇದ್ರಲ್ಲಿ ನಿಮ್ ಹೆಸ್ರು ಬರ್ದಿದೆಯಲ್ಲ ಸಾರ್. ಇರ್ಲಿ, ಕೂತ್ಕಳಿ' ಎಂದು ಕುರ್ಚಿ ಎಳೆದಳು. ಅವಳ ಮುಖದಲ್ಲಿ ಗಾಬರಿ ಇರಬೇಕೆಂದು ಹುಡುಕಿದೆ. ಇರಲಿಲ್ಲ. ಕೆಳಗಿನ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ತರಿಸುತ್ತಿದ್ದಳು, ಎ.ಸಿ. ಸ್ವಲ್ಪ ಜಾಸ್ತಿ ಮಾಡುತ್ತಿದ್ದಳು. ನನ್ನ ಆಫೀಸಿನ ಫ್ಯಾನು ತಿರುಗಬೇಕಾದರೆ ಇವತ್ತಿಗೂ ಕೋಲಿನಲ್ಲಿ ಒಂದು ತಳ್ಳು ಕೊಡಬೇಕು.

ಗೋಡೆಯ ದೊಡ್ಡ ಟಿ.ವಿ.ಯಲ್ಲಿ ಪೀಟರ್ ಪ್ರತ್ಯಕ್ಷನಾದ. ರೂಮಿನಲ್ಲಿ ಮದುವೆ ಮನೆಯಷ್ಟು ಜನ ಕಂಡು ಅವನ ಹುಬ್ಬು ಮೇಲೇರಿತು. ತಮ್ಮಣ್ಣ ಕೈಮುಗಿದ. ಭಾವಂದಿರಲ್ಲಿ ಒಬ್ಬರು ಎದ್ದು ಹೋಗಿ ಟಿ.ವಿ.ಯ ಹತ್ತಿರ ನಿಂತು ಫೋಟೋ ತೆಗೆಸಿಕೊಂಡರು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಈ ಗಲಾಟೆ ನೋಡಿದ ಯಾವ ಹಾಲೆಂಡಿನವನು ಕಂಪನಿ ಮಾಡುತ್ತಾನೆ? ತಮ್ಮಣ್ಣ ಅವಸರದಲ್ಲಿ ಕಾಗದವನ್ನು ಅಕ್ಕನ ಮುಂದಿಟ್ಟು, 'ಅಕ್ಕೋ, ಇಲ್ ಆಕು' ಎಂದ.

ಜಯಮ್ಮ ಪೆನ್ನು ಹಿಡಿದಳು. ಹಾಕಲಿಲ್ಲ. 'ಇದು ಏನುಕ್ಲಾ?' ಎಂದಳು.

'ಆಮ್ಯಾಕ್ ಯೋಳ್ತೀನಿ, ಸುಮ್ಕಾಕಕ್ಕ. ಅಲ್ ಪೀಟರ್ ಕಾಯ್ತಾವ್ನೆ.'

'ಕಾಯ್ಲಿ ಬುಡು. ಅವ್ನ್ ಏನ್ ಗದ್ದೆಗ್ ನೀರ್ ಕಟ್ಬೇಕಾ? ಅಪ್ಪ ಸತ್ತಾಗಿಂದ ನೀನ್ ತೋರ್ಸಿದ್ ಕಡೆಲ್ಲ ಆಕ್ಕೊಂಡೇ ಬಂದಿವ್ನಿ. ಇವತ್ತು ಪರ್‌ದೇಸ್ದೋನ್ ಮುಂದೆ ಕುಂತಿವ್ನಿ. ಅವ್ನ್ ಏನಾರ ಕೇಳುದ್ರೆ ನಂಗೇನೂ ಗೊತ್ತಿಲ್ಲ ಅಂತ ಯೋಳ್ಳಾ?'

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಒಬ್ಬ ಹೆಣ್ಣುಮಗಳು ಕೇಳಿದ್ದನ್ನು ನಾನು ಮೊದಲ ಬಾರಿ ಕೇಳಿದೆ. ತಮ್ಮಣ್ಣ ನನ್ನ ಕಡೆ ನೋಡಿದ, ನಾನು ಎ.ಸಿ. ನೋಡಿದೆ. ಉತ್ತರ ಕೊಟ್ಟವಳು ರಶ್ಮಿ.

'ಜಯಮ್ಮನೋರೇ, ಆಲೆಮನೆ ಇರೋದು ನಿಮ್ ತಂದೆ ಜಾಗದಲ್ಲಿ. ಆ ಜಾಗನ ಹೊಸ ಕಂಪ್ನಿಗೆ ಗುತ್ತಿಗೆ ಕೊಡ್ತಾವ್ರೆ. ಸಹಿ ಹಾಕಿದ್ರೆ ನೀವು ಒಪ್ಕೊಂಡಂಗೆ. ಹಾಕ್ದಿದ್ರೆ ಇಲ್ಲ. ಆದ್ರೆ ನಾನು ತಮ್ಮಣ್ಣನೋರ ಕಡೆ ವಕೀಲೆ. ನಿಮ್ಗೆ ಯಾವ್ದು ಒಳ್ಳೇದು ಅಂತ ನಾನ್ ಹೇಳ್ಬಾರ್ದು. ನೀವು ನಿಮ್ದೇ ವಕೀಲ್ರನ್ನ ಕೇಳ್ಬೇಕು.'

ಜಯಮ್ಮ ತಂಗಿಯರನ್ನು ನೋಡಿದಳು, ತಂಗಿಯರು ಅಕ್ಕನನ್ನು ನೋಡಿದರು. 'ಅಂಗಾದ್ರೆ ಈ ಸೀರೆ ನೀನೇ ಇಟ್ಕೊಳ್ಲಾ ತಮ್ಮಣ್ಣ. ಕಂಪ್ನೀಲಿ ನಮ್ಗೂ ಪಾಲಾಕು' ಎಂದಳು.

ಮುಗಿಯಿತು, ಎಂದುಕೊಂಡೆ. ತಮ್ಮಣ್ಣನ ಮುಖ ಹಿಂಡಿದ ಕಬ್ಬಿನ ಸಿಪ್ಪೆಯಾಗಿತ್ತು. ಕಂಪನಿ ಕೆಟ್ಟಿತು, ರಶ್ಮಿ ಕೆಟ್ಟಳು, ಇನ್ನು ಇದು ನನ್ನ ಬೆಂಚಿಗೆ ಬರುವ ವ್ಯವಹಾರ. ಅತ್ತ ಪೀಟರ್ ಏನಾಗುತ್ತಿದೆ ಎಂದು ಕೇಳಿದ. ರಶ್ಮಿ ಒಂದೂ ಮುಚ್ಚಿಡದೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಕಿವಿ ನೆಟ್ಟಗೆ ಮಾಡಿಕೊಂಡು ಕೂತೆ. ಆ ಪುಣ್ಯಾತ್ಮ ಕುರ್ಚಿಗೆ ಒರಗಿ ದೊಡ್ಡದಾಗಿ ಉಸಿರುಬಿಟ್ಟು ನಕ್ಕ. ಜಾಗ ಯಾರದ್ದು, ಯಾರದ್ದು ಎಂದು ಅವರ ಕಡೆಯ ವಕೀಲರು ಬರೆದು ಬರೆದು ಸಾಕಾಗಿದ್ದರಂತೆ. ರಶ್ಮಿ ತಮ್ಮಣ್ಣನನ್ನು ಕೇಳಿದಾಗಲೆಲ್ಲ ಅವನು 'ಅಪ್ಪಂದು, ಈಗ ನಂದೇ' ಎನ್ನುತ್ತಿದ್ದನಂತೆ, ಆ ಉತ್ತರ ನಂಬಿ ದುಡ್ಡು ಹಾಕಲು ಅವರು ಒಪ್ಪುತ್ತಿರಲಿಲ್ಲವಂತೆ. ಇವತ್ತು ಎಲ್ಲ ವಾರಸುದಾರರೂ ಒಂದೇ ರೂಮಿನಲ್ಲಿ ಕೂತು ಬಾಯಿಬಿಟ್ಟು ಕೇಳುತ್ತಿದ್ದಾರೆ, ಇದಕ್ಕಿಂತ ಗಟ್ಟಿ ಕಾಗದ ಯಾವುದಿದೆ ಎಂದ. ತಮ್ಮಣ್ಣನ ಪಾಲಿನಲ್ಲಿ ಅಕ್ಕತಂಗಿಯರಿಗೂ ಷೇರು ಇರಲಿ, ತನಗೆ ಸಂತೋಷ ಎಂದ. ಆಮೇಲೆ ಕೇಳಿದ: 'ಇವರನ್ನು ಕರೆಸಬೇಕು ಎಂದು ಹೊಳೆದದ್ದು ಯಾರಿಗೆ?'

ರಶ್ಮಿ ತಾನೇ ಎಂದು ಹೇಳಿಕೊಂಡಿದ್ದರೆ ನಾನು ಸುಖವಾಗಿ ಸಾಯುವತನಕ ಅವಳನ್ನು ದ್ವೇಷಿಸಿಕೊಂಡಿರುತ್ತಿದ್ದೆ. ಆ ಅವಕಾಶವನ್ನೂ ಅವಳು ಕೊಡಲಿಲ್ಲ. ತಮ್ಮಣ್ಣ ಅವಳಿಗೆ ಮೊದಲೇ ಹೇಳಿದ್ದನೆಂದು ಕಾಣುತ್ತದೆ, ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿ, 'ನನ್ನ ಸೀನಿಯರ್. ನಾನು ಕೆಲಸ ಕಲಿತದ್ದು ಇವರ ಹತ್ತಿರ' ಎಂದಳು. ಪೀಟರ್ ಎದ್ದು ನಿಂತು ಕೈಮುಗಿದ. ನಾನೂ ಮುಗಿದೆ. ಜೀವಮಾನದಲ್ಲಿ ದೇಶದ ಗಡಿ ದಾಟಿದ ನನ್ನ ಒಂದೇ ಒಂದು ಕಾನೂನು ಸಲಹೆ, ಅದೂ ಕೆಡಿಸಬೇಕೆಂದು ಕೊಟ್ಟದ್ದು. ಅದನ್ನು ಹೇಳುವ ಹಾಗಿಲ್ಲ, ಬಿಡುವ ಹಾಗಿಲ್ಲ. ಹಲ್ಲು ಕಿರಿದುಕೊಂಡು ಕೂತೆ.

ಅಷ್ಟಕ್ಕೇ ನಿಲ್ಲಲಿಲ್ಲ. ಜಯಮ್ಮ, 'ನಮ್ ಬಗ್ಗೆ ಇಷ್ಟ್ ಕಾಳ್ಜಿ ಮಾಡೋರು ಇವ್ರು. ನಮ್ ಕಡೆಗ್ ಇವ್ರೇ ವಕೀಲ್ರಾಗ್ಲಿ' ಎಂದುಬಿಟ್ಟಳು. ಮೆಟ್ಟಿಲಿಳಿಯುವಾಗ ತಮ್ಮಣ್ಣ ನನ್ನ ಪಕ್ಕಕ್ಕೆ ಬಂದ. ಸಿಟ್ಟಿರಲಿಲ್ಲ ಅವನಿಗೆ, ಇದ್ದಿದ್ದರೆ ಒಳ್ಳೆಯದಿತ್ತು. 'ಕಂಪ್ನಿ ಉಳ್ಸುದ್ರಿ ಸಾ. ಆದ್ರೆ ಇನ್ಮ್ಯಾಕೆ ನೀವು ನಮ್ ಎದ್ರುಗಡೆ ವಕೀಲ್ರಾದ್ರಿ. ನಿಮ್ತಾವ ಏನೂ ಯೋಳ್ಬ್ಯಾಡಿ ಅಂದವ್ಳೆ ಮೇಡಮ್ಮು' ಎಂದು ಕೈಮುಗಿದು ಹೋದ. ಯಾವನನ್ನು ಉಳಿಸಿಕೊಳ್ಳಲು ಇಷ್ಟೆಲ್ಲ ಮಾಡಿದೆನೋ ಅವನೇ ಹೋದ. ಆ ವಾರ ಅವನ ಇನ್ನೊಂದು ಹಸು ಈಯಿತಂತೆ. ಬೇರೆಯವರು ಹೇಳಿದರು.

ಆದರೂ ಮನುಷ್ಯನ ಮನಸ್ಸು ನೋಡಿ, ಸಮಾಧಾನಕ್ಕೆ ದಾರಿ ಹುಡುಕುತ್ತದೆ. ವಕೀಲರ ಸಂಘದಲ್ಲಿ ಈಗ ನನ್ನನ್ನು 'ಹಾಲೆಂಡ್' ಎಂದು ಕರೆಯತೊಡಗಿದ್ದರು, ಅದರಲ್ಲಿ ಸ್ವಲ್ಪ ಹೊಟ್ಟೆಕಿಚ್ಚು ಬೆರೆತಿದ್ದದ್ದು ನನ್ನಂಥ ಅನುಭವಸ್ಥನಿಗೆ ವಾಸನೆಯಲ್ಲೇ ತಿಳಿಯಿತು. ಬೋರ್ಡಿಗೆ ಒಂದು ಸಾಲು ಸೇರಿಸೋಣವೇ ಎಂದು ಯೋಚಿಸುತ್ತಾ ಭಾನುವಾರ ಜಗಲಿಯಲ್ಲಿ ಕೂತಿದ್ದೆ. ಪಾಲಹಳ್ಳಿಯಿಂದ ತಂಗಿ ಮಂಜುಳ ಫೋನ್ ಮಾಡಿದಳು. ನನಗೆ ಇರುವವಳು ಒಬ್ಬಳೇ ತಂಗಿ. ಅಪ್ಪನ ಜಮೀನು ಇನ್ನೂ ಅಪ್ಪನ ಹೆಸರಿನಲ್ಲೇ ಇದೆ, ಖಾತೆ ಮಾಡಿಸಿಕೊಳ್ಳಲು ಅವಳದೊಂದು ಸಹಿ ಬೇಕಿತ್ತು. ಗೌರಿ ಹಬ್ಬಕ್ಕೆ ಬಾಗಿನ ಕೊಡುವಾಗ ಹಾಗೇ ಹಾಕಿಸಿಕೊಂಡರಾಯಿತು ಎಂದು ಕಾಗದ ಸಿದ್ಧಮಾಡಿ ಇಟ್ಟಿದ್ದೆ.

'ಅಣ್ಣಾ, ನಮ್ ಬೀದಿ ಜಯಮ್ಮ ಎಲ್ಲಾ ಯೋಳುದ್ಲು' ಎಂದಳು. ದನಿ ಬಹಳ ಸಿಹಿಯಾಗಿತ್ತು. 'ಹೆಣ್ಮಕ್ಳ ಪರ ಎಷ್ಟ್ ನ್ಯಾಯ್ವಾಗ್ ನಿಂತ್ಕಂಡ್ಯಂತೆ ನೀನು. ಕೇಳಿ ಕಣ್ಣಲ್ ನೀರ್ ಬಂತು ಕಣಣ್ಣಾ.'

'ಅದೇನ್ ದೊಡ್ಡ ವಿಷ್ಯ ಬುಡವ್ವಾ' ಎಂದೆ.

'ಅಲ್ಲ, ಅಪ್ಪನ್ ಜಮೀನಿನ್ ವಿಷ್ಯ ಮಾತಾಡ್ಬೇಕಿತ್ತು. ನಿನ್ನೇ ಕೇಳನ ಅಂದ್ರೆ ನೀನು ಎದ್ರು ಪಾರ್ಟಿ ಆಯ್ತೀಯಂತಲ್ಲ. ಅದುಕ್ಕೆ ಆ ರಶ್ಮಿ ಮೇಡಮ್ ನಂಬರ್ ಇದ್ರೆ ಕೊಡಣ್ಣ.'

ನಂಬರು ಹುಡುಕಿ ಕಳಿಸುತ್ತೇನೆ ಎಂದು ಫೋನ್ ಇಟ್ಟೆ. ಬೆವರು ಒರೆಸಿಕೊಂಡೆ. ಆಮೇಲೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಅವಳಿಗೆ ನಂಬರು ಸಿಗುವ ಮೊದಲು ಕೆಲಸ ಮುಗಿಸಬೇಕೆಂದು ಆ ಕ್ಷಣವೇ ರಶ್ಮಿಗೆ ಫೋನ್ ಮಾಡಿದೆ. 'ರಶ್ಮೀ, ನಮ್ಮ ಮನೇದೊಂದು ಪಾಲಿನ ವಿಷಯ ಬರೋ ಹಾಗಿದೆ. ನನ್ನ ವಕಾಲತ್ತು ನೀನೇ ತಗೋಬೇಕಮ್ಮ. ನಿನ್ನಷ್ಟು ಚೆನ್ನಾಗಿ ಈ ತಾಲ್ಲೂಕಿನಲ್ಲಿ ಯಾರೂ ಮಾಡಲ್ಲ' ಎಂದೆ. ಹೀಗೆ ಹೇಳಿದ್ದು ಅದೇ ಮೊದಲು.

'ಅಯ್ಯೋ ಸಾರ್' ಎಂದಳು ರಶ್ಮಿ. ಅವಳ ದನಿಯಲ್ಲಿ ನಿಜವಾದ ಮರುಕವಿತ್ತು. 'ಜಯಮ್ಮನೋರ ಹತ್ರ ನಂಬರ್ ಇಸ್ಕೊಂಡು ಮಂಜುಳಕ್ಕ ನೆನ್ನೇನೇ ಬಂದಿದ್ರು. ಒಪ್ಕೊಂಬುಟ್ಟೆ. ಅಣ್ಣ ನಂಬರ್ ಕೊಡ್ತಾನಾ ಕೇಳಿ ನೋಡ್ತೀನಿ ಅಂತ ನಗ್ತಾ ಹೋದ್ರು. ನಿಮ್ಗೆ ಬೇರೆ ಯಾರಾದ್ರೂ ಒಳ್ಳೇ ವಕೀಲ್ರನ್ನ ನೋಡ್ಕೊಡ್ಲಾ?'